ಉತ್ತರ ಬಾರದ ಪತ್ರಕ್ಕೆ ಎರಡನೆಯ ಪತ್ರ

ಜವಾಬಿ ಕಾರ್ಡನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಂಡಿರಲಾರರು. ಒಂದಕ್ಕೊಂದು ಅಂಟಿಕೊಂಡ ಎರಡು ಅಂಚೆ ಕಾರ್ಡುಗಳು. ಒಂದರಲ್ಲಿ ಬರೆದವನ ಮಾತು. ಇನ್ನೊಂದು ಖಾಲಿ, ಆದರೆ ಅದರ ಮೇಲೆ ಬರೆದವನ ವಿಳಾಸ ಮೊದಲೇ ಇರುತ್ತಿತ್ತು. ಪಡೆದವನು ಎರಡು ಸಾಲು ಗೀಚಿ, ಹರಿದು, ಡಬ್ಬಿಗೆ ಹಾಕಿದರೆ ಆಯಿತು. ಉತ್ತರದ ಅಂಚೆ ಖರ್ಚೂ ಅವನ ಮೇಲೆ ಬೀಳುತ್ತಿರಲಿಲ್ಲ. 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡು ಭಾರತಕ್ಕೆ ಬಂದ ಮೇಲೆ ಊರೂರಿನ ವ್ಯಾಪಾರ ನಡೆದದ್ದೇ ಇಂಥ ತುಂಡು ಕಾಗದಗಳ ಮೇಲೆ. ಅದರಲ್ಲೂ ಈ ಜೋಡಿ ಕಾರ್ಡನ್ನು ಯೋಚಿಸಿದವರಿಗೆ ವ್ಯಾಪಾರಸ್ಥರ ಕಷ್ಟ ಚೆನ್ನಾಗಿ ಗೊತ್ತಿದ್ದಿರಬೇಕು. ಪತ್ರ ಬರೆಯುವುದು ಸುಲಭ, ಉತ್ತರ ತರಿಸುವುದು ಕಷ್ಟ.

ಈಗ ಕಾರ್ಡಿನ ಜಾಗಕ್ಕೆ ಇ-ಮೇಲ್ ಬಂದಿದೆ. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿತು. ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತೇಹೋಯಿತು. ಇಳಕಲ್ಲಿನ ಮಗ್ಗದ ಮನೆಯಿಂದ ಪುಣೆಯ ಅಂಗಡಿಗೆ ಪತ್ರ ತಲುಪಲು ಈಗ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು ಸಾಕು. ಉತ್ತರ ಮಾತ್ರ ಹಾಗೆ ಬರುವುದಿಲ್ಲ. ಎಷ್ಟೋ ಸಲ ಬರುವುದೇ ಇಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಇಂಥ ಮನೆಗಳು ಇಳಕಲ್ಲಿನಲ್ಲಿ ಬೇಕಾದಷ್ಟಿವೆ. ಒಳಗೆ ಕುಣಿಮಗ್ಗ. ತಂದೆ ನೇಕಾರ, ಮಗಳು ಬಿ.ಕಾಂ. ಓದುತ್ತಾಳೆ. ಸಾಹುಕಾರ ನೂಲು ಕೊಟ್ಟು, ಕೂಲಿ ಲೆಕ್ಕದಲ್ಲಿ ನೇಯಿಸಿಕೊಳ್ಳುವ ಪದ್ಧತಿಯಿಂದ ಹೊರಬಂದು, ನೇರವಾಗಿ ಹೊರಊರಿನ ಅಂಗಡಿಗೆ ಮಾರಬೇಕೆಂದು ಮನೆಯವರ ಆಸೆ. ಕೂಡಿಟ್ಟ ಹಣ ನೂಲಿಗೆ ಹೋಗಿದೆ. ಹನ್ನೆರಡು ಸೀರೆ ನೇಯ್ದು ಟ್ರಂಕಿನಲ್ಲಿಟ್ಟಿದ್ದಾರೆ. ಮಗಳು ಪುಣೆಯ ಒಂದು ಅಂಗಡಿಗೆ ಇ-ಮೇಲ್ ಬರೆದಳು. ಒಂಬತ್ತು ದಿನವಾಯಿತು, ಸದ್ದಿಲ್ಲ. ಇನ್ನೊಮ್ಮೆ ಬರೆಯುತ್ತೇನೆಂದರೆ ತಂದೆಗೆ ಸರಿಬರುವುದಿಲ್ಲ.

"ಬ್ಯಾಡ ತಂಗಿ. ಒಮ್ಮೆ ಹೇಳೇವಿ. ಬೇಕಾಗಿದ್ರ ಅವರ ಬರೀತಾರ. ಮತ್ತ ಮತ್ತ ಬರದ್ರ ನಾವು ಬೇಡಾಕ ನಿಂತಂಗ ಆಗತೈತಿ."

ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದು ನಿಜಕ್ಕೂ ಬೇಡಿದ ಹಾಗೆಯೇ. ಪ್ರಶ್ನೆ ಇರುವುದು ಎರಡನೆಯ ಪತ್ರದಲ್ಲಿ ಕೇಳಿದ್ದನ್ನೇ ಕೇಳಬೇಕೆ ಎನ್ನುವುದರಲ್ಲಿ.

ಮೌನಕ್ಕೆ ಕಾರಣ ಹಲವು

ಉತ್ತರ ಬಾರದಿದ್ದರೆ ಬರೆದವರ ಮನಸ್ಸು ಮೊದಲು ಹೋಗುವುದು "ಅವರಿಗೆ ಬೇಡವಾಗಿದೆ" ಎಂಬ ಕಡೆಗೆ. ವಾಟ್ಸ್ಆ್ಯಪ್‌ನಲ್ಲಿ 2014ರಿಂದ ಕಾಣಿಸಿಕೊಂಡ ಎರಡು ನೀಲಿ ಗೆರೆಗಳು ಈ ನೋವನ್ನು ಇನ್ನಷ್ಟು ಹೆಚ್ಚಿಸಿವೆ. ಓದಿದ್ದಾರೆ, ಆದರೂ ಉತ್ತರಿಸಿಲ್ಲ ಎಂಬುದು ಈಗ ಕಣ್ಣೆದುರೇ ಕಾಣುತ್ತದೆ. ಆದರೆ ಬೇಡವೆನ್ನುವುದು ಮೌನದ ಕಾರಣಗಳಲ್ಲಿ ಒಂದು ಮಾತ್ರ.

ಪತ್ರ ಸರಿಯಾದವರಿಗೆ ತಲುಪದೆಯೇ ಇರಬಹುದು. ಆಲಮಟ್ಟಿ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ನುಂಗಿ ಮನೆ, ಅಂಗಡಿಗಳು ನವನಗರಕ್ಕೆ ಎದ್ದುಹೋದ ದಿನಗಳನ್ನು ಕಂಡವರಿಗೆ ವಿಳಾಸ ಬದಲಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇ-ಮೇಲ್ ಲೋಕದಲ್ಲಿ ಇಂಥ ಮುಳುಗಡೆ ದಿನವೂ ನಡೆಯುತ್ತದೆ. ಖರೀದಿ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಿರುತ್ತಾರೆ, ಅವರ ಅಂಚೆಪೆಟ್ಟಿಗೆಯನ್ನು ಯಾರೂ ತೆರೆಯುತ್ತಿರುವುದಿಲ್ಲ. ಅಥವಾ ಪತ್ರ ಜಾಹೀರಾತುಗಳ ರಾಶಿಯೊಳಗೆ ಹೋಗಿ ಕೂತಿರುತ್ತದೆ. ಜಿಮೇಲ್ 2013ರಿಂದ ಪ್ರಚಾರದ ಪತ್ರಗಳನ್ನು ತಾನಾಗಿಯೇ ಬೇರೆ ವಿಭಾಗಕ್ಕೆ ಸರಿಸುತ್ತಿದೆ. ಆದ್ದರಿಂದ ಬೇಸರಪಡುವ ಮೊದಲು ಅಂಗಡಿಗೆ ಒಂದು ಫೋನ್ ಮಾಡಿ, "ಖರೀದಿ ವಿಷಯ ಯಾರಿಗೆ ಬರೆಯಬೇಕು?" ಎಂದಿಷ್ಟನ್ನೇ ಕೇಳುವುದು ಒಳ್ಳೆಯದು.

ಇನ್ನೊಂದು ಕಾರಣ ಅಪನಂಬಿಕೆ. ಇದನ್ನು ನಮ್ಮ ನೇಕಾರರು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ನಿಜ. ಆದರೆ ವಿದ್ಯುತ್ ಮಗ್ಗದ ಸೀರೆಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಕೈಮಗ್ಗದ ಬೆಲೆ ಕೊಟ್ಟು ವಿದ್ಯುತ್ ಮಗ್ಗದ ಸೀರೆ ತಂದು ಒಮ್ಮೆ ಸುಟ್ಟುಕೊಂಡ ವ್ಯಾಪಾರಿ, ಅಪರಿಚಿತರ ಪತ್ರ ಬಂದರೆ ಸುಮ್ಮನಿರುವುದೇ ಲೇಸೆಂದುಕೊಳ್ಳುತ್ತಾನೆ. ಅವನಿಗೆ ಸೀರೆ ಬೇಕಾಗಿದೆ. ಪುರಾವೆ ಸಿಕ್ಕಿಲ್ಲ, ಅಷ್ಟೆ.

ಮೂರನೆಯದು ಭಾಷೆಯ ತೊಡಕು. ಇಳಕಲ್ ಸೀರೆಯನ್ನು ಮಹಾರಾಷ್ಟ್ರದಲ್ಲಿ ತಲೆಮಾರುಗಳಿಂದ ಉಡುತ್ತಾರೆ, ಆದರೆ ಅಲ್ಲಿ ಅದರ ಹೆಸರು "ಇರಕಲ್". ವಿಷಯದ ಸಾಲಿನಲ್ಲಿ "ವ್ಯವಹಾರ ಪ್ರಸ್ತಾವನೆ" ಎಂದು ಬರೆದರೆ ಅದು ಬ್ಯಾಂಕಿನ ಸಾಲದ ಪತ್ರವೋ ವಿಮೆಯ ಪತ್ರವೋ ಎಂದು ತಿಳಿಯದು. "ಇರಕಲ್ ಸೀರೆ, ಕೈಮಗ್ಗ, ಟೋಪ ತೆನಿ ಸೆರಗು" ಎಂದಿದ್ದರೆ ಪುಣೆಯವರ ಕಣ್ಣು ನಿಲ್ಲುತ್ತದೆ.

ಎರಡನೆಯ ಪತ್ರದಲ್ಲಿ ಏನಿರಬೇಕು?

ಹೆಚ್ಚಿನವರು ಬರೆಯುವ ಎರಡನೆಯ ಪತ್ರ ಹೀಗಿರುತ್ತದೆ: "ನನ್ನ ಹಿಂದಿನ ಪತ್ರಕ್ಕೆ ತಮ್ಮಿಂದ ಉತ್ತರ ಬಂದಿಲ್ಲ. ದಯವಿಟ್ಟು ಗಮನಿಸಿ ಆದಷ್ಟು ಬೇಗ ತಿಳಿಸಿ." ಇದರಲ್ಲಿ ಓದುವವರಿಗೆ ಸಿಗುವುದೇನು? ತಾವು ತಪ್ಪು ಮಾಡಿದ್ದೇವೆಂಬ ನೆನಪು, ಹಳೆಯ ಪತ್ರ ಹುಡುಕುವ ಕೆಲಸ, ಆಮೇಲೆ ಯೋಚಿಸಿ ಒಂದು ದೀರ್ಘ ಉತ್ತರ ಬರೆಯುವ ಕೆಲಸ. ಮೂರೂ ಬೇಡವಾದವು. ಪತ್ರ ಹೋದ ದಾರಿಯಲ್ಲೇ ಹೋಗುತ್ತದೆ.

ಇದಕ್ಕೆ ಬದಲು ಎರಡನೆಯ ಪತ್ರ ಹೊಸದೇನಾದರೂ ಹೊತ್ತು ತರಬೇಕು. ಅದು ಓದುವವರಿಗೆ ಉಪಯೋಗವಾಗುವಂಥದ್ದಾಗಿರಬೇಕು. ಕೊನೆಗೆ ಜವಾಬಿ ಕಾರ್ಡಿನಂತೆ ಉತ್ತರಕ್ಕೆ ಜಾಗ ಮಾಡಿಕೊಟ್ಟಿರಬೇಕು. ಇಳಕಲ್ಲಿನ ಆ ಮಗಳು ಬರೆಯಬಹುದಾದ ಪತ್ರದ ಸಾರವನ್ನು ಕನ್ನಡದಲ್ಲಿ ಕೊಡುವುದಾದರೆ:

"ನಮಸ್ಕಾರ. ಒಂಬತ್ತು ದಿನದ ಹಿಂದೆ ಕಳುಹಿಸಿದ ದರಪಟ್ಟಿ ಇದೇ ಪತ್ರದ ಕೆಳಗಿದೆ. ಅದರಲ್ಲಿ ಒಂದು ವಿಷಯ ಹೇಳಿರಲಿಲ್ಲ. ನಮ್ಮ ಸೀರೆಯ ಮೈಗೂ ಸೆರಗಿಗೂ ಹಾಸು ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತೇವೆ. ಕೂಡಿಸಿದ ಜಾಗದ ಒಂದು ಫೋಟೋ ಲಗತ್ತಿಸಿದೆ. ತಮ್ಮ ಗಿರಾಕಿಗಳು ಹೆಚ್ಚು ಕೇಳುವುದು 6 ಗಜವೋ 9 ಗಜವೋ? ಆ ಒಂದು ಅಂಕಿ ಬರೆದರೆ ಸಾಕು, ಅದೇ ಅಳತೆಯ ಮೂರು ಸೀರೆಗಳ ಫೋಟೋ ಮತ್ತು ಬೆಲೆ ಕಳುಹಿಸುತ್ತೇನೆ."

ಇಷ್ಟೇ. ದೂರಿಲ್ಲ, ಗೋಗರೆಯುವುದಿಲ್ಲ. ಕೈಮಗ್ಗವೋ ಅಲ್ಲವೋ ಎಂಬ ಅನುಮಾನಕ್ಕೆ ಕೊಂಡಿಯ ಚಿತ್ರ ಉತ್ತರ ಹೇಳಲು ತೊಡಗುತ್ತದೆ. ಮನೆಯಲ್ಲಿ 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್‌ನ ಚೀಟಿ ಇದ್ದರೆ ಅದನ್ನೂ ತೋರಿಸಬಹುದು. ಉತ್ತರವೋ, ಒಂದು ಅಂಕಿ. ಗಿರಾಕಿಯ ಮುಂದೆ ಸೀರೆ ಬಿಚ್ಚುತ್ತಿರುವಾಗಲೂ ಎಡಗೈಯಲ್ಲಿ ಒತ್ತಬಹುದು.

ಗಮನಿಸಬೇಕಾದ ಇನ್ನೊಂದು ಮಾತಿದೆ. ಈ ಪತ್ರವನ್ನು ಹೊಸದಾಗಿ ಶುರುಮಾಡಬಾರದು, ಹಳೆಯ ಪತ್ರಕ್ಕೇ ಮುಂದುವರಿಕೆಯಾಗಿ ಕಳುಹಿಸಬೇಕು. ಆಗ ಹಿಂದಿನದೆಲ್ಲ ಕೆಳಗೆ ಸಿಗುತ್ತದೆ. ಹದಿನಾಲ್ಕು ಫೋಟೋ ತುರುಕುವುದು ಬೇಡ. ಒಂದೋ ಎರಡೋ, ಅದೂ ಗಾತ್ರ ಇಳಿಸಿ. ಹಳ್ಳಿಯ ಹಿರಿಯರು ಪತ್ರದ ಮೊದಲಿಗೆ "ಉಭಯ ಕುಶಲೋಪರಿ ಸಾಂಪ್ರತ" ಎಂದು ಬರೆಯುತ್ತಿದ್ದ ಸೌಜನ್ಯ ದೊಡ್ಡದೇ, ಆದರೆ ಮೊಬೈಲಿನ ಪರದೆಯಲ್ಲಿ ಪತ್ರ ತೆರೆಯುವ ಮೊದಲೇ ಕಾಣುವುದು ಮೊದಲ ಸಾಲಿನ ಏಳೆಂಟು ಪದ ಮಾತ್ರ. ಅಲ್ಲಿ ವಿಷಯವೇ ಇರಬೇಕು.

ಮೂರನೆಯದು, ಕೊನೆಯದು

ಎರಡನೆಯದಕ್ಕೂ ಉತ್ತರವಿಲ್ಲವೆಂದು ಇಟ್ಟುಕೊಂಡರೆ ಇನ್ನು ಎರಡು ವಾರ ಬಿಟ್ಟು ಮೂರನೆಯದು. ಇದಕ್ಕೊಂದು ನಿಜವಾದ ಕಾರಣ ಬೇಕು. ನೇಕಾರರ ಬಳಿ ಅದು ಇದೆ. ಇಳಕಲ್ ಸೀರೆಯಲ್ಲಿ ಪ್ರತಿ ಸೀರೆಗೂ ಹಾಸು ಸಿದ್ಧವಾಗಬೇಕು, ಹಾಸು ಮಗ್ಗಕ್ಕೇರಿದ ಮೇಲೆ ಅದರ ಬಣ್ಣ ಬದಲಿಸಲಾಗದು. "ಬರುವ ಸೋಮವಾರ ಹೊಸ ಹಾಸು ಏರಿಸುತ್ತೇವೆ. ತಮಗೆ ಬೇಕಾದ ಬಣ್ಣ ಅದಕ್ಕೆ ಮೊದಲು ತಿಳಿಸಿದರೆ ಒಂದೇ ಸೀರೆಯಾದರೂ ಮಾದರಿಗಾಗಿ ಅದೇ ಬಣ್ಣದಲ್ಲಿ ನೇಯ್ದು ಕೊಡುತ್ತೇವೆ" ಎಂದು ಬರೆದರೆ ಅದು ಹೆದರಿಕೆಯಲ್ಲ, ಮಗ್ಗದ ಸತ್ಯ. "ಇನ್ನು ಎರಡೇ ದಿನ, ಆಮೇಲೆ ದರ ಏರುತ್ತದೆ" ಎಂಬ ಸುಳ್ಳು ಗಡುವಿಗೂ ಇದಕ್ಕೂ ಬಹಳ ಅಂತರವಿದೆ. ಸುಳ್ಳು ಗಡುವು ಕಳೆದ ಮರುದಿನ ಅದೇ ದರಕ್ಕೆ ಸೀರೆ ಸಿಗುವುದನ್ನು ಕಂಡ ವ್ಯಾಪಾರಿ ಮುಂದಿನ ಪತ್ರ ತೆರೆಯುವುದಿಲ್ಲ.

ಇದಕ್ಕೂ ಮೌನವೇ ಆದರೆ ಒಂದು ಬೀಳ್ಕೊಡುಗೆಯ ಪತ್ರ ಬರೆಯಬಹುದು. "ಈಗ ಅಗತ್ಯವಿಲ್ಲವೆಂದರೆ 'ಬೇಡ' ಎಂದು ಬರೆಯಿರಿ, ನಮಗೇನೂ ಬೇಸರವಿಲ್ಲ. ಇನ್ನು ನಾನಾಗಿ ಬರೆಯುವುದಿಲ್ಲ. ದೀಪಾವಳಿ ಖರೀದಿಗೆ ಮುಂಚೆ ನೆನಪಾದರೆ ವಿಳಾಸ ಕೆಳಗಿದೆ." ವಿಚಿತ್ರವೆಂದರೆ ಇಂಥ ಪತ್ರಕ್ಕೆ ಕೆಲವೊಮ್ಮೆ ಉತ್ತರ ಬರುತ್ತದೆ. "ಬೇಡ" ಎನ್ನಲು ಸಂಕೋಚಪಟ್ಟು ಸುಮ್ಮನಿದ್ದವರಿಗೆ ಬಾಗಿಲು ತೆರೆದಂತಾಗುತ್ತದೆ. "ಬೇಡ" ಎಂದೇ ಬಂದರೂ ಅದು ಲಾಭವೇ, ಹನ್ನೆರಡು ಸೀರೆಗಳನ್ನು ಇನ್ನೊಂದು ಅಂಗಡಿಗೆ ತೋರಿಸಬಹುದು. ಆದರೆ ಮತ್ತೆ ಬರೆಯುವುದಿಲ್ಲವೆಂದ ಮೇಲೆ ಬರೆಯಬಾರದು.

ಹೊರದೇಶಕ್ಕೆ ಬರೆಯುವವರಿಗೆ ಇದು ಬರೀ ಸೌಜನ್ಯವಲ್ಲ. ಅಮೆರಿಕದ 2003ರ ಕಾಯ್ದೆಯ ಪ್ರಕಾರ ವಾಣಿಜ್ಯ ಇ-ಮೇಲ್‌ನಲ್ಲಿ ಕಳುಹಿಸಿದವರ ಅಂಚೆ ವಿಳಾಸ ಇರಬೇಕು, ಬೇಡವೆನ್ನುವವರಿಗೆ ಅದನ್ನು ಹೇಳುವ ದಾರಿ ಇರಬೇಕು, ವಿಷಯದ ಸಾಲು ದಾರಿತಪ್ಪಿಸುವಂತಿರಬಾರದು. ಹಿಂದೆಂದೂ ಬರೆಯದವರಿಗೆ ಉತ್ತರದ ಗುರುತು ಅಂಟಿಸಿ, ಮಾತುಕತೆ ನಡೆಯುತ್ತಿರುವಂತೆ ತೋರಿಸುವ ಚಾಳಿ ಈಗ ಬಹಳ ಕಾಣುತ್ತದೆ. ಅದು ಮೋಸ, ಬೇರೆ ಹೆಸರಿಲ್ಲ.

ಕಲ್ಲಿಗೊಂದು ಕಾಲ, ದಾಳಿಂಬೆಗೊಂದು ಕಾಲ

ಎಷ್ಟು ದಿನ ಬಿಟ್ಟು ಬರೆಯಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದಕ್ಕೆ ಪುಸ್ತಕದ ಲೆಕ್ಕವಿಲ್ಲ, ಸರಕೇ ಹೇಳುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕೊಳ್ಳುವವರು ಕಟ್ಟಡದ ಗುತ್ತಿಗೆ ತಮ್ಮ ಕೈಗೆ ಬರುವವರೆಗೆ ಏನೂ ಹೇಳಲಾರರು. ಅವರ ಮೂರು ತಿಂಗಳ ಮೌನ ಸಹಜ. ವಾರವಾರ ಬರೆದರೆ ರೇಗುತ್ತಾರೆ. ತಿಂಗಳಿಗೊಮ್ಮೆ, ಯಾವ ಅಳತೆಯ ದಿಮ್ಮಿ ಸಿದ್ಧವಿದೆಯೆಂದು ಎರಡು ಸಾಲು ಸಾಕು. ಬಾಗಲಕೋಟೆ ಜಿಲ್ಲೆಯ ದಾಳಿಂಬೆಗೆ ಆ ತಾಳ್ಮೆ ಇಲ್ಲ. ಹಣ್ಣು ಕೀಳುವ ವಾರದಲ್ಲಿ ಇ-ಮೇಲ್ ಬರೆದು ಕೂರುವುದಕ್ಕಿಂತ ಫೋನೇ ಮೇಲು. ಸೀರೆ ಇವೆರಡರ ನಡುವೆ ಬರುತ್ತದೆ. ಹಬ್ಬದ ನೂಕುನುಗ್ಗಲಿನಲ್ಲಿ ಯಾವ ಅಂಗಡಿಯವರೂ ಹೊಸಬರ ಪತ್ರ ಓದುವುದಿಲ್ಲ, ಆದ್ದರಿಂದ ಹಬ್ಬಕ್ಕೆ ಬಹಳ ಮುಂಚೆ ಅಥವಾ ಹಬ್ಬ ಮುಗಿದ ಮೇಲೆ.

ಬಾದಾಮಿಯ ಕಥೆ ಬೇರೆಯೇ. ಅಲ್ಲಿ ವಿಚಾರಿಸುವವರು ತಾವಾಗಿ ಬರುತ್ತಾರೆ, ಆಮೇಲೆ ಮಾಯವಾಗುತ್ತಾರೆ. ಬೆಂಗಳೂರಿನ ಒಂದು ಶಾಲೆಯವರು ಜೂನ್ ತಿಂಗಳಲ್ಲಿ "ಅರವತ್ತು ಮಕ್ಕಳಿಗೆ ಎರಡು ರಾತ್ರಿಯ ದರ ಎಷ್ಟು?" ಎಂದು ಒಂದು ವಸತಿಗೃಹಕ್ಕೆ ಬರೆದರೆನ್ನಿ. ದರ ಹೋಯಿತು, ಆಗಸ್ಟ್ ಬಂದರೂ ಉತ್ತರವಿಲ್ಲ. ದರ ಹೆಚ್ಚಾಯಿತೆಂದು ಎಣಿಸಿ, ಕೇಳದೆಯೇ ಇಳಿಸಿ ಬರೆಯುವವರೇ ಹೆಚ್ಚು. ಅವಸರದ ಕೆಲಸ ಅದು. ಬರೆದ ಶಿಕ್ಷಕರು ಮುಖ್ಯೋಪಾಧ್ಯಾಯರನ್ನು ಒಪ್ಪಿಸಬೇಕು, ಮುಖ್ಯೋಪಾಧ್ಯಾಯರು ಆಡಳಿತ ಮಂಡಳಿಯನ್ನು, ಅವರೆಲ್ಲ ಪಾಲಕರನ್ನು. ಉತ್ತರ ಕೊಡಬೇಕಾದವರ ಕೈಯಲ್ಲಿ ಉತ್ತರ ಇಲ್ಲ.

ಇಲ್ಲಿ ಎರಡನೆಯ ಪತ್ರ ಆ ಶಿಕ್ಷಕರ ಕೆಲಸವನ್ನು ಹಗುರ ಮಾಡಬೇಕು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಐಹೊಳೆ ಸುಮಾರು 35 ಕಿ.ಮೀ., ಮೂರನ್ನೂ ಎರಡು ದಿನದಲ್ಲಿ ನೋಡಬಹುದು. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಇತಿಹಾಸದ ಪಾಠಕ್ಕೆ ಹೊಂದುತ್ತದೆ. ಗುಹೆಗಳಿಗೆ ಮೆಟ್ಟಿಲು ಹತ್ತಬೇಕು, ಮಂಗಗಳ ಕಾಟವಿದೆ, ಮಕ್ಕಳ ಕೈಯಲ್ಲಿ ತಿಂಡಿಯ ಪೊಟ್ಟಣ ಇರಬಾರದು. ಬನದ ಹುಣ್ಣಿಮೆಯ ಸುಮಾರಿಗೆ ಬನಶಂಕರಿ ಜಾತ್ರೆ ಇರುವುದರಿಂದ ಜನವರಿಯಲ್ಲಿ ಕೋಣೆ ಸಿಗುವುದು ಕಷ್ಟ, ಡಿಸೆಂಬರ್ ಮೊದಲ ವಾರ ಅನುಕೂಲ. ಇಷ್ಟನ್ನು ಒಂದು ಪುಟದಲ್ಲಿ ಬರೆದು, "ಇದನ್ನು ಪಾಲಕರ ಸಭೆಯಲ್ಲಿ ಹಾಗೆಯೇ ಓದಬಹುದು" ಎಂದು ಕಳುಹಿಸಿದರೆ, ಶಿಕ್ಷಕರಿಗೆ ಅದು ಮಾರಾಟದ ಪತ್ರವಾಗಿ ಕಾಣುವುದಿಲ್ಲ. ಮಂಗಗಳ ವಿಷಯವನ್ನೂ ಮುಚ್ಚಿಡದೆ ಹೇಳಿದ್ದರಿಂದ ಉಳಿದದ್ದರ ಮೇಲೂ ನಂಬಿಕೆ ಬರುತ್ತದೆ.

ಪಾಲಕರ ಅಳುಕು

ಮಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ "ಸೇಲ್ಸ್" ಕೆಲಸಕ್ಕೆ ಸೇರಿದನೆಂದರೆ ಬಾಗಲಕೋಟೆ, ಹುನಗುಂದದ ಕಡೆ ಎಷ್ಟೋ ತಂದೆತಾಯಿಗಳು ನೆಂಟರೆದುರು ಆ ಮಾತನ್ನು ಬೇಗ ಮುಗಿಸಿಬಿಡುತ್ತಾರೆ. ದಿನವೂ ನೂರು ಜನಕ್ಕೆ ಬರೆದು ತೊಂಬತ್ತೈದು ಜನರಿಂದ ಮೌನ ಪಡೆಯುವ ಕೆಲಸ ಕೀಳೆಂದು ಅವರ ಭಾವನೆ. ಹುನಗುಂದ ತಾಲ್ಲೂಕಿನವರು ಹಾಗೆ ಭಾವಿಸುವುದು ಸ್ವಲ್ಪ ತಮಾಷೆಯೇ. ಅದೇ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ಬಹುದೊಡ್ಡ ವರ್ತಕ ಸಂಘವಾಗಿದ್ದರು. ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಕಡಲು ದಾಟಿ ಸರಕು ಒಯ್ದವರಿಗೆ ಮೊದಲ ಬಂದರಿನಲ್ಲೇ ಎಲ್ಲರೂ ಕರೆದು ಕೊಂಡಿರಲಾರರು.

ಕೆಲಸಕ್ಕೆ ಅರ್ಜಿ ಹಾಕಿ ಕೂತ ವಿದ್ಯಾರ್ಥಿಗೂ ಇದೇ ಮಾತು ಸಲ್ಲುತ್ತದೆ. ಸಂದರ್ಶನ ಮುಗಿದು ಎರಡು ವಾರವಾದರೂ ಸುದ್ದಿಯಿಲ್ಲವೆಂದರೆ "ನನ್ನ ಅರ್ಜಿ ಏನಾಯಿತು?" ಎಂದು ಕೇಳುವುದಕ್ಕಿಂತ, ಸಂದರ್ಶನದಲ್ಲಿ ಉತ್ತರಿಸಲಾಗದ ಪ್ರಶ್ನೆಗೆ ಆಮೇಲೆ ಓದಿ ಕಂಡುಕೊಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಮುಂದಿನ ಸುತ್ತು ಯಾವ ತಿಂಗಳೆಂದು ಕೇಳಬಹುದು.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಸರಕು ಕೊಂಡು ಹಣ ಕೊಡದವರಿಗೆ ಬರೆಯುವ ಪತ್ರ ಬೇರೆ. ಅಲ್ಲಿ ಸಂಕೋಚ ಬೇಡ. ನೋಂದಾಯಿತ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಬಿಲ್ಲಿನ ಸಂಖ್ಯೆ, ತಾರೀಕು, ಮೊತ್ತ ನಮೂದಿಸಿ ನೇರವಾಗಿ ಕೇಳಬೇಕು. ಇನ್ನೂ ಕೊಳ್ಳದವರು ಮಾತ್ರ ಯಾವ ಬಾಕಿಯನ್ನೂ ಇಟ್ಟುಕೊಂಡಿಲ್ಲ, ಉತ್ತರದ ಬಾಕಿಯನ್ನೂ ಸಹ.

ಅಪ್ಪ ಇಡುವ ಕಿರ್ದಿ ಪುಸ್ತಕದ ಹಾಗೆ ಮಗಳೂ ಒಂದು ನೋಟ್‌ಬುಕ್ ಇಟ್ಟುಕೊಂಡರೆ ಒಳ್ಳೆಯದು. ಯಾರಿಗೆ, ಯಾವ ದಿನ, ಏನು ಬರೆದದ್ದು, ಮುಂದೆ ಯಾವಾಗ. ಇಲ್ಲದಿದ್ದರೆ ಇಪ್ಪತ್ತು ಅಂಗಡಿಗಳಾಗುವಷ್ಟರಲ್ಲಿ ಒಬ್ಬರಿಗೇ ಎರಡು ಸಲ ಅದೇ ಪತ್ರ ಹೋಗುತ್ತದೆ. ಇನ್ನು ಪತ್ರದಲ್ಲಿ ಬರೆಯಲು ಹೊಸದೇನಿದೆ ಎಂದು ಕಂಪ್ಯೂಟರಿನ ಮುಂದೆ ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ಅದು ಇರುವುದು ಒಳಗಿನ ಮಗ್ಗದಲ್ಲಿ. ಬರೆದದ್ದನ್ನು ಕಳುಹಿಸುವ ಮೊದಲು ಅಪ್ಪನಿಗೆ ಓದಿ ಹೇಳಿದರೆ, ಬೇಡವೆಂದಿದ್ದವರೇ ಲಾಳಿ ಕೆಳಗಿಟ್ಟು ಕಿವಿಗೊಡಬಹುದು.

"ಬರೇ ಸೆರಗಿಂದು ಫೋಟೋ ಕಳಿಸಿದ್ರ ಅವರಿಗೇನ ತಿಳೀತೈತಿ ತಂಗಿ? ಕೊಂಡಿ ಕಾಣೂಹಂಗ ತೆಗಿ. ತಡಿ, ನಾನ ಹಿಡೀತೀನಿ."